ಬೋಪಣ್ಣನ ಬರ್ಬನ್

ಬೋಪಣ್ಣ ಸಾಯುವವರೆಗೂ ಜೋಪಾನ ಮಾಡಿದ್ದ ಬಾಟಲಿಯನ್ನು ಅವನ ಹೆಂಡತಿ ದೇಚಮ್ಮ ಮೇಜಿನ ಮೇಲಿಟ್ಟಳು. ಅಮೆರಿಕದ ಬರ್ಬನ್ ವಿಸ್ಕಿ. ವರ್ಷಕ್ಕೆ ಕೆಲವೇ ಬಾಟಲಿ ಹೊರಬರುವಂಥದ್ದು. ಹುತ್ತರಿ ಹಬ್ಬಕ್ಕೊಂದು ಗುಟುಕು ಬಿಟ್ಟರೆ ಬೋಪಣ್ಣ ಅದನ್ನು ಮುಟ್ಟುತ್ತಿರಲಿಲ್ಲ.

ಎದುರಿಗೆ ಕೂತಿದ್ದ ಗೆಳೆಯ ಮುದ್ದಪ್ಪ ಬೆವರಿದ. ಬೋಪಣ್ಣ ದಂಪತಿ ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಹೋಗಿದ್ದಾಗ ಮನೆ ನೋಡಿಕೊಳ್ಳಲು ಬಂದವನು ಅವನೇ. ರುಚಿ ನೋಡುತ್ತೇನೆಂದು ಶುರುಮಾಡಿ ಇದ್ದದ್ದೆಲ್ಲ ಮುಗಿಸಿ, ತನ್ನ ಮನೆಯ ಮಾಮೂಲಿ ವಿಸ್ಕಿ ತಂದು ಅಷ್ಟೇ ಮಟ್ಟಕ್ಕೆ ತುಂಬಿಸಿಟ್ಟಿದ್ದ. ಹೇಳಿಬಿಡಬೇಕು ಎಂದುಕೊಳ್ಳುತ್ತಿರುವಾಗಲೇ ಬೋಪಣ್ಣ ತೀರಿಕೊಂಡ. ಹೆಣಕ್ಕೆ ಹೆಗಲು ಕೊಟ್ಟಾಗಲೂ ಮುದ್ದಪ್ಪನಿಗೆ ಅದೇ ಚುಚ್ಚುತ್ತಿತ್ತು.

ದೇಚಮ್ಮ ಗ್ಲಾಸಿಗೆ ಸ್ವಲ್ಪ ಸುರಿದು ಅವನ ಮುಂದಿಟ್ಟಳು. "ರುಚಿ ನೋಡಿ ಹೇಳಿ ಅಣ್ಣಾ. ಅವರು ಅಷ್ಟು ಜೋಪಾನ ಮಾಡೋವಷ್ಟು ಬೆಲೆಬಾಳೋದಾ ಇದು? ನಿಮಗಾದ್ರೆ ಗೊತ್ತಾಗುತ್ತೆ."

ಗ್ಲಾಸು ಮೂಗಿನ ಹತ್ತಿರ ಬರುತ್ತಿದ್ದಂತೆ ಅದೇ ಮಾಮೂಲಿ ಘಾಟು ಬಡಿಯಿತು. ಒಂದು ಗುಟುಕು ನುಂಗಿದ. ನಿಜ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸೋತ.

"ಅಪರೂಪದ್ದಮ್ಮ. ಇದಕ್ಕೆ ಬೆಲೆ ಕಟ್ಟೋಕಾಗಲ್ಲ."

ದೇಚಮ್ಮ ಬಾಟಲಿಯನ್ನು ಅವನ ಕಡೆಗೆ ಸರಿಸಿದಳು.

"ಹಾಗಾದ್ರೆ ನೀವೇ ತಗೊಂಡು ಹೋಗಿ. ಕೊನೇ ಹುತ್ತರೀಲಿ ಒಂದು ಗುಟುಕು ಕುಡಿದು ಜೋರಾಗಿ ನಕ್ಕಿದ್ರು. 'ನಾನು ಹೋದ್ಮೇಲೆ ಇದನ್ನ ಮುದ್ದಪ್ಪನಿಗೆ ವಾಪಸ್ ಕೊಟ್ಟುಬಿಡು' ಅಂದ್ರು. ವಾಪಸ್ ಅಂತ ಯಾಕಂದ್ರೋ, ನನಗಂತೂ ಗೊತ್ತಾಗ್ಲಿಲ್ಲ ಅಣ್ಣಾ."