ಹಿತಾಸಕ್ತಿ

"ಈ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವವರು ಯಾರಾದರೂ ಇದ್ದೀರಾ?" ಎಂದು ಸಂಶೋಧನಾ ಸಂಸ್ಥೆಯ ನೀತಿ ಸಮಿತಿಯ ಅಧ್ಯಕ್ಷರು ಕೇಳಿದರು. ಪ್ರತಿ ಸಭೆಯೂ ಈ ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. ಅದಕ್ಕೆ ಉತ್ತರ ಬಂದದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ. ಅಧ್ಯಕ್ಷರು ಆಗಲೇ ಮುಂದಿನ ಪುಟ ಮಗುಚಿದ್ದರು. ಮೇಜಿನ ಆ ಕೊನೆಯಲ್ಲಿ ಟೀಚರ್ ಕೈ ಎತ್ತಿದರು.

"ವಿರೋಧ ಆಮೇಲೆ ಹೇಳುವಿರಂತೆ ಟೀಚರ್, ಇನ್ನೂ ಆಟವೇ ಶುರುವಾಗಿಲ್ಲ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಗದಿದ್ದವನು ಒಬ್ಬನೇ, ಯೋಜನೆ ಮಂಡಿಸಲು ಬಂದಿದ್ದ ವಿಜ್ಞಾನಿ.

ಅವನಿಗೆ ನಗು ಬರುವಂತೆಯೂ ಇರಲಿಲ್ಲ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಳಿದು ಶೈತ್ಯದಲ್ಲಿಟ್ಟ ಐದು ದಿನದ ಭ್ರೂಣಗಳನ್ನು, ತಮಗಿನ್ನು ಬೇಡವೆಂದ ದಂಪತಿಗಳ ಒಪ್ಪಿಗೆ ಪಡೆದು ತರಿಸಿಕೊಂಡು, ಒಳಗಿನ, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳನ್ನು ತೆಗೆದು ಕಣ್ಣಿನ ಅಕ್ಷಿಪಟ ಸವೆದು ನೋಟ ಕಳೆದುಕೊಳ್ಳುತ್ತಿರುವವರಿಗೆ ಹಾಕಲು ಬೇಕಾದ ಕೋಶಗಳಾಗಿ ಬೆಳೆಸುವುದು ಅವನ ಯೋಜನೆ. ಕೋಶ ತೆಗೆದರೆ ಭ್ರೂಣ ಉಳಿಯುವುದಿಲ್ಲ. ಆ ಸಂಸ್ಥೆಯಲ್ಲಿ ಭ್ರೂಣ ಮುಟ್ಟುವ ಯಾವ ಕೆಲಸಕ್ಕೂ ಹಾಜರಿರುವ ಸದಸ್ಯರೆಲ್ಲರ ಒಪ್ಪಿಗೆ ಬೇಕು. ಹಿಂದೆ ಎರಡು ಸಲ ಬಂದಾಗಲೂ ಬೇಡವೆಂದವರು ಟೀಚರ್ ಒಬ್ಬರೇ. ಅವರು ಡಾಕ್ಟರಲ್ಲ, ವಕೀಲರಲ್ಲ. ಸಾಮಾನ್ಯ ಜನರ ಪರವಾಗಿ ಸಮಿತಿಯಲ್ಲಿ ಕೂತಿದ್ದ ನಿವೃತ್ತ ಆಟದ ಟೀಚರ್. ಹೇಗಿದ್ದರೂ ಎಸೆಯುವುದೇ ತಾನೆ ಎಂದು ವಿಜ್ಞಾನಿ ಅಂಗಲಾಚಿದ್ದ. ಎಸೆಯುವುದು ಬೇರೆ, ಬಳಸುವುದು ಬೇರೆ, ಇವತ್ತು ಉಳಿದದ್ದನ್ನು ಬಳಸಿದರೆ ನಾಳೆ ಉಳಿಯಲೆಂದೇ ಮಾಡುತ್ತಾರೆ ಎಂಬ ಅವರ ಮಾತು ಒಂದಿಷ್ಟೂ ಅಲುಗಿರಲಿಲ್ಲ.

"ವಿರೋಧ ಅಲ್ಲ ಸರ್" ಎಂದರು ಟೀಚರ್. "ನಮ್ಮ ಯಜಮಾನರಿಗೆ ಇದೇ ಕಣ್ಣಿನ ಕಾಯಿಲೆ. ಈ ಕೋಶಗಳು ಸಿದ್ಧವಾದ್ರೆ, ಮೊದಲು ಹಾಕಿ ನೋಡೋರಲ್ಲಿ ಅವರನ್ನೂ ಸೇರಿಸ್ಕೊಳ್ಳಬಹುದು ಅಂತ ಹೋದ ವಾರ ಡಾಕ್ಟರು ಹೇಳಿದ್ರು."

ಹಿತಾಸಕ್ತಿ ಇರುವವರು ಎದ್ದು ಹೊರಗೆ ಹೋಗಬೇಕು, ಅವರನ್ನು ಹಾಜರಿದ್ದವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಯಮ ಅಷ್ಟು ಸರಳ. ಪಕ್ಕದಲ್ಲಿದ್ದ ವಕೀಲೆ ದನಿ ತಗ್ಗಿಸಿ, ಹೇಳದೆ ಸುಮ್ಮನಿದ್ದು ಎಂದಿನಂತೆ ಬೇಡ ಎಂದಿದ್ದರೂ ನಿಮ್ಮನ್ನು ಯಾರು ಅನುಮಾನಿಸುತ್ತಿದ್ದರು ಎಂದಳು.

"ನಮ್ಮ ಶಾಲೆ ಆಡೋ ಪಂದ್ಯಕ್ಕೆ ನಾನೇ ರೆಫರಿ ಆಗೋಕಾಗುತ್ತೇನಮ್ಮ?" ಎಂದು ಟೀಚರ್ ಕೈಚೀಲ ತೆಗೆದುಕೊಂಡರು.

ಹೊರಗೆ ಉದ್ದನೆಯ ಬೆಂಚಿತ್ತು, ನೀರಿನ ಯಂತ್ರವಿತ್ತು. ಕೂತೊಡನೆ ಮೈ ಹಗುರವಾಯಿತು. ಬೇಡ ಎಂದಿದ್ದರೆ ಗಂಡನ ಕಣ್ಣಿಗೆ ಅಡ್ಡ ನಿಂತಂತೆ. ಆಗಲಿ ಎಂದಿದ್ದರೆ ಇಷ್ಟು ದಿನ ಆಡಿದ ಮಾತನ್ನು ನುಂಗಿದಂತೆ. ಈಗ ಎರಡೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. "ಇವತ್ತು ಸೀಟಿ ಊದ್ತೀಯೋ, ನುಂಗ್ತೀಯೋ?" ಎಂದು ಬೆಳಿಗ್ಗೆ ಕೆಣಕಿದ್ದ ಗಂಡನಿಗೂ ಹೀಗೊಂದು ದಾರಿ ಇರುವುದು ತೋಚಿರಲಿಲ್ಲ. ಇಷ್ಟು ಅಗ್ಗಕ್ಕೆ ಸಿಕ್ಕ ಪ್ರಾಮಾಣಿಕತೆಯ ಮೇಲೆ ಟೀಚರಿಗೆ ಮೆಲ್ಲನೆ ಗುಮಾನಿ ಹುಟ್ಟಿತು. ಎದ್ದು ಒಂದು ಲೋಟ ನೀರು ಹಿಡಿದುಕೊಂಡರು. ಅದನ್ನು ಕುಡಿದು ಮುಗಿಸುವ ಮೊದಲೇ ಬಾಗಿಲು ತೆರೆಯಿತು.

ವಿಜ್ಞಾನಿ ನೇರವಾಗಿ ಅವರತ್ತಲೇ ಬಂದ. "ತುಂಬಾ ಉಪಕಾರ ಆಯ್ತು ಟೀಚರ್."

"ನಾನೇನೂ ಮಾಡ್ಲಿಲ್ವಲ್ಲಪ್ಪ."

"ಅದನ್ನೇ ಹೇಳ್ತಿರೋದು" ಎಂದ ಅವನು. ವ್ಯಂಗ್ಯವಿರಲಿಲ್ಲ, ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ಗಂಡ ಎಂದಿನ ಕುರ್ಚಿಯಲ್ಲಿದ್ದರು. ಅಂಗಡಿಗಳ ಬೋರ್ಡು ಬರೆದು ಬದುಕಿದವರು. ದಪ್ಪಕ್ಷರ, ಓರೆಯಕ್ಷರ, ನೆರಳಕ್ಷರ ಎಲ್ಲ ಬಲ್ಲ ಅವರಿಗೆ ಈಗ ಪತ್ರಿಕೆಯ ತಲೆಬರಹವೂ ಬೂದಿ ಬಣ್ಣದ ಮಚ್ಚೆ. ಟೀಚರ್ ಚಪ್ಪಲಿ ಬಿಡುತ್ತಲೇ ನಡೆದದ್ದನ್ನೆಲ್ಲ ಹೇಳಿದರು: ತಾನು ಕೈ ಎತ್ತಿದ್ದು, ಹೊರಗೆ ಕೂತದ್ದು, ಒಪ್ಪಿಗೆ ಸಿಕ್ಕಿದ್ದು, ಇನ್ನು ಡಾಕ್ಟರ ಫೋನಿಗೆ ಕಾಯುವುದಷ್ಟೇ ಕೆಲಸ ಎಂಬುದು. ಗಂಡ ಹಿಗ್ಗಬಹುದು ಎಂದುಕೊಂಡಿದ್ದರು. ಅವರು ಹಿಗ್ಗಲಿಲ್ಲ. ಕುರ್ಚಿಯ ತೋಳನ್ನು ಸವರುತ್ತ ಕೇಳಿದರು:

"ಒಳಗೇ ಇದ್ದಿದ್ರೆ ಏನಂತಿದ್ದೆ?"

"ಇರೋ ಹಾಗಿರ್ಲಿಲ್ಲರೀ. ನಿಯಮ."

"ನಿಯಮ ಗೊತ್ತಾಯ್ತು ಕಣೇ. ನಾನು ಕೇಳ್ತಿರೋದು ನಿನ್ನನ್ನ."

ಟೀಚರ್ ಬಾಗಿಲತ್ತ ನೋಡಿದರು. ಈ ಕೋಣೆಯಿಂದ ಎದ್ದು ಹೊರಗೆ ಹೋಗಲು ಯಾವ ನಿಯಮವೂ ಇರಲಿಲ್ಲ.

ಗಂಡ ನಿಧಾನವಾಗಿ ಮುಖವನ್ನು ಗೋಡೆಯತ್ತ ತಿರುಗಿಸಿದರು. ಅರಿಯದವರು ಮುನಿಸು ಎಂದುಕೊಂಡಾರು. ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿದಿದ್ದ ಅವರಿಗೆ, ಎದುರಿಗಿದ್ದವರ ಮುಖ ಕಾಣಬೇಕಾದರೆ ಅದರಿಂದ ಕಣ್ಣು ತಪ್ಪಿಸಲೇಬೇಕಿತ್ತು. ಹಾಗೆ ಗೋಡೆಗೆ ಮುಖ ಮಾಡಿಕೊಂಡೇ ಅವರು ಹೆಂಡತಿಯ ಮುಖವನ್ನು ನೋಡುತ್ತ ಕೂತರು.