ಇನ್ನೊಬ್ಬರ ಬೆರಳು

“ಸರ್, ಒಂದ್ನಿಮಿಷ ಕ್ಯಾಮೆರಾ ಆನ್ ಮಾಡ್ತೀರಾ?”

ಕೇಳಿದವಳು ಪರದೆಯನ್ನೇ ನೋಡುತ್ತಾ ಕಾದಳು. ಆರೋಗ್ಯ ವಿಮೆ ಕಂಪನಿಯೊಂದರ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವುದು ಅವಳ ಕೆಲಸ. ಎಲ್ಲರೂ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿದ ಮೇಲೆ ಅವಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಇಸ್ತ್ರಿ ಮೇಜನ್ನೇ ಆಫೀಸು ಮಾಡಿಕೊಂಡು, ಯಾರ ಖಾತೆಯಲ್ಲಿ ಏನು ನಡೆಯುತ್ತಿದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಈಗ ಅವಳಿಗೆ ಅನುಮಾನ ಬಂದಿದ್ದು, ಕಂಪನಿಯಲ್ಲಿ ಯಾರೂ ಅನುಮಾನಿಸದ ಒಬ್ಬರ ಖಾತೆಯ ಮೇಲೆ.

ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ರೋಗಿಗಳ ಕಾಗದಪತ್ರ ನೋಡಿ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಿರಿಯ ಗುಮಾಸ್ತರು. ಯಾರು ಮೇಲ್ ಕಳಿಸಿದರೂ ಅದರ ಕಾಗುಣಿತ ತಿದ್ದಿ ವಾಪಸ್ ಕಳಿಸುವ ಚಾಳಿ ಅವರದು. ಅಂಥವರ ಮೇಲ್‌ಗಳಲ್ಲೇ ಇತ್ತೀಚೆಗೆ ಒತ್ತಕ್ಷರಗಳು ಕಾಣೆಯಾಗಿದ್ದವು. ಪಟಪಟನೆ ಟೈಪ್ ಮಾಡುತ್ತಿದ್ದ ಮನುಷ್ಯ ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಮೀಟಿಂಗುಗಳಲ್ಲಿ ಮುಖ ತೋರಿಸುವುದನ್ನೂ ಬಿಟ್ಟಿದ್ದರು. ಅವರ ಹೆಸರಿನಲ್ಲಿ ಬೇರೆ ಯಾರೋ ಒಳಗೆ ಕೂತಿದ್ದಾರೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಕಡೆಗೂ ಕ್ಯಾಮೆರಾ ತೆರೆದುಕೊಂಡಿತು. ಮೇಷ್ಟ್ರೇ ಕೂತಿದ್ದರು. ಆದರೆ ಅವರ ನೋಟ ಪರದೆಯ ಕಡೆಗಿರದೆ ಕಿಟಕಿಯ ಕಡೆಗೆಲ್ಲೋ ಇತ್ತು.

“ಏನಮ್ಮಾ, ಏನಾದ್ರೂ ಎಡವಟ್ಟಾಯ್ತಾ?”

“ನಿಮ್ಮ ಫೋನಿಗೆ ಈಗೊಂದು ನಂಬರ್ ಕಳಿಸಿದೀನಿ ಸರ್. ನೀವೇ ಓದಿ ಟೈಪ್ ಮಾಡಿ. ನೀವೇ ಹೌದೋ ಅಲ್ಲವೋ ಅಂತ ನೋಡೋಕೆ, ಅಷ್ಟೇ.”

ಮೇಷ್ಟ್ರು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ದೂರ ಹಿಡಿದರು, ವಾರೆ ಮಾಡಿದರು. ಆಗ ಪರದೆಯ ಅಂಚಿನಿಂದ ಬಳೆ ತೊಟ್ಟ ಕೈಯೊಂದು ಬಂದು ಫೋನನ್ನು ಮೆಲ್ಲಗೆ ತೆಗೆದುಕೊಂಡಿತು.

“ಯಾರದು ಸರ್?”

“ನನ್ನ ಹೆಂಡತಿ,” ಎಂದರು ಮೇಷ್ಟ್ರು, ತಲೆ ತಗ್ಗಿಸಿ.

ಆಕೆ ತಾವೇ ಮುಂದಕ್ಕೆ ಬಂದರು. “ಬೈಯೋದಾದ್ರೆ ನನಗೆ ಬೈರಿ ಮೇಡಂ. ಇವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದುಬಿಡ್ತು. ಮೊದಲು ಅಕ್ಷರ ಮಂಜಾಯ್ತು, ಆಮೇಲೆ ಪೂರ್ತಿ ಹೋಯ್ತು. ಹೇಳಿದ್ರೆ ಮನೇಲಿ ಕೂರಿಸ್ತಾರೆ ಅಂತ ಭಯ. ನಾನು ಓದ್ತೀನಿ, ಇವರು ಏನು ಮಾಡಬೇಕು ಅಂತ ಹೇಳ್ತಾರೆ, ನಾನು ಒತ್ತುತೀನಿ.”

“ತೀರ್ಮಾನ ಎಲ್ಲಾ ನಂದೇ ಅಮ್ಮಾ. ಒಂದೇ ಒಂದು ತಪ್ಪಿದ್ರೂ ತೋರಿಸು. ಕಾಗುಣಿತ ಮಾತ್ರ ಅವಳದು.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಳ್ಳ ಸಿಕ್ಕಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು.

“ತಪ್ಪು ತೀರ್ಮಾನದ ಮಾತಲ್ಲ ಸರ್. ಮನೆಯವರಿಗೂ ಹೇಳದ ಕಾಯಿಲೇನ ಜನ ನಮ್ಮನ್ನ ನಂಬಿ ಹೇಳಿರ್ತಾರೆ. ಅದನ್ನ ಅಮ್ಮ ಕೂತು ಓದ್ತಿದ್ದಾರಲ್ಲ?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು: “ಹೌದು ಮೇಡಂ. ನಮ್ಮ ಹಿಂದಿನ ಬೀದಿಯವರದೇ ಒಂದು ಅರ್ಜಿ ಬಂದಿತ್ತು. ಯಾರಿಗೂ ಬಾಯಿ ಬಿಟ್ಟಿಲ್ಲ. ಆದ್ರೆ ಅವತ್ತಿಂದ ಅವರು ಎದುರಿಗೆ ಸಿಕ್ಕಿದ್ರೆ ಮುಖ ಎತ್ತಿ ಮಾತಾಡೋಕೆ ಆಗ್ತಿಲ್ಲ ನನಗೆ.”

ಈ ಮಾತು ಮೇಷ್ಟ್ರಿಗೂ ಹೊಸದೆಂದು ಕಾಣುತ್ತದೆ. ಅವರು ಹೆಂಡತಿಯ ದನಿ ಬಂದ ಕಡೆಗೆ ತಿರುಗಿದರು.

“ನನ್ನ ಖಾತೆ ಮುಚ್ಚಿಬಿಡಮ್ಮಾ,” ಎಂದರು ಆಮೇಲೆ. “ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ಒಂದು ಅರ್ಜಿ ಮಾತ್ರ ಅರ್ಧಕ್ಕೆ ನಿಂತಿದೆ. ಆಪರೇಷನ್‌ಗೆ ನಮ್ಮ ಒಪ್ಪಿಗೆ ಕಾಯ್ತಾ ರೋಗಿ ಮಲಗಿದಾರೆ.”

“ಅದನ್ನ ಈಗಲೇ ಬೇರೆಯವರ ಕೈಗೆ ಕೊಡಿಸ್ತೀನಿ ಸರ್.”

ಕೊಡಿಸಿದಳು. ಆಮೇಲೆ ಖಾತೆ ಮುಚ್ಚಿದಳು. ಮೇಲಿನವರಿಗೆ ವರದಿ ಬರೆಯುವಾಗ ಏನನ್ನೂ ಬಚ್ಚಿಡಲಿಲ್ಲ. ಹೆಂಡತಿ ಓದಿದ್ದನ್ನೂ ಬರೆದಳು. ಕೊನೆಯಲ್ಲಿ ಯಾರೂ ಕೇಳದಿದ್ದರೂ ಒಂದಿಷ್ಟು ಸೇರಿಸಿದಳು: ಪರದೆಯ ಮೇಲಿರುವುದನ್ನು ಕಿವಿಗೆ ಓದಿ ಹೇಳುವ ತಂತ್ರಾಂಶವಿದೆ, ಅದನ್ನು ಕೊಡಿಸಿದರೆ ಇವರು ಒಬ್ಬರೇ ಕೆಲಸ ಮಾಡಬಲ್ಲರು. ಮೇಲಿನವರು ಮೀನಮೇಷ ಎಣಿಸಿದರು. ಮೇಷ್ಟ್ರನ್ನು ಮನೆಗೆ ಕಳಿಸುವ ಮಾತೂ ಬಂತು. ಅವಳು ಬೆನ್ನು ಬಿಡಲಿಲ್ಲ. ಅಂತೂ ಒಪ್ಪಿದರು.

ತಂತ್ರಾಂಶ ಹಾಕಿಕೊಡಲು ಅವಳೇ ಅವರ ಮನೆಗೆ ಹೋದಳು. ಮೇಷ್ಟ್ರು ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಯಾವ ಗುಂಡಿ ಎಲ್ಲಿದೆ ಎಂದು ತಡವಿ ತಡವಿ ಕಲಿತರು. ಸ್ವಲ್ಪ ಹೊತ್ತಿಗೆಲ್ಲ ಅವರ ಮುಖ ಅರಳಿತು. “ಇದರ ಉಚ್ಚಾರಣೆ ಸರಿಯಿಲ್ಲ ಕಣಮ್ಮಾ! ಮಹಾಪ್ರಾಣವೇ ಇಲ್ಲ ಇದಕ್ಕೆ!” ಎಂದು ಕಿವಿ ಮುಚ್ಚಿದವರ ಹಾಗೆ ಕೂಗಿ ಹೇಳಿದರು.

ಹೊರಡುವ ಮುಂಚೆ ಅವಳು ಮೇಷ್ಟ್ರ ಹೆಂಡತಿಗೆ ನಿಯಮ ತಿಳಿಸಿದಳು. “ಇನ್ಮೇಲೆ ಇವರು ಕೆಲಸಕ್ಕೆ ಕೂತಾಗ ಬಾಗಿಲು ಹಾಕಿರಬೇಕು ಅಮ್ಮಾ. ಒಳಗೆ ಬೇರೆ ಯಾರೂ ಇರೋ ಹಾಗಿಲ್ಲ. ನಿಮಗೂ ಇನ್ನು ಬಿಡುವಾಯ್ತು.”

ಆಕೆ ತಲೆಯಾಡಿಸಿದರು. ಮೇಜಿನ ಮೇಲಿದ್ದ ತಮ್ಮ ಕನ್ನಡಕ ತೆಗೆದುಕೊಂಡರು. ಬಾಗಿಲ ಬಳಿ ಬಂದು ಒಮ್ಮೆ ಗಂಡನ ಕಡೆ ನೋಡಿದರು.

“ಮದುವೆಯಾದಾಗಿಂದ ಇವರು ಬೆಳಗಿಂದ ಸಂಜೆವರೆಗೂ ನನ್ನ ಜೊತೆ ಮಾತಾಡಿದ್ದು ಅಂದ್ರೆ ಈ ಕೆಲವು ತಿಂಗಳಷ್ಟೇ ಮೇಡಂ.”

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಅವರು ಯಂತ್ರದ ಮಾತಿಗೆ ತಲೆದೂಗುತ್ತಿದ್ದರು. ಆಕೆ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡರು.