ಪ್ರಭಾರ ಆನೆ

ಸುಟ್ಟುಹೋದ ರಾಷ್ಟ್ರೀಯ ಉದ್ಯಾನವನ್ನು ಯಾರೇ ಮತ್ತೆ ಕಟ್ಟಲಿ, ಅಲ್ಲಿನ ಆನೆ ಸೊಂಡಿಲಿನ ಮುದ್ರೆ ಒತ್ತದೆ ಬಿಲ್ಲು ಪಾಸಾಗುತ್ತಿರಲಿಲ್ಲ, ಕಾನೂನು ಹಾಗಿತ್ತು. ಮುದ್ರೆ ಹಾಕಿಸುವ ಹೊಣೆ ಕಾವಲುಗಾರ ಜಡೆಯನದು.

ಟೆಂಡರೇ ಇಲ್ಲದ ತುರ್ತು ಗುತ್ತಿಗೆಯಲ್ಲಿ ಗುತ್ತಿಗೆದಾರ ಫಾಲಾಕ್ಷ ಆರೇ ದಿನದಲ್ಲಿ ಕಾಡು ಎಬ್ಬಿಸಿದ್ದ. ಹಿರಿಯ ಹೆಣ್ಣಾನೆ ಬಂದು ತೇಗದ ಮರವೊಂದನ್ನು ಮೂಸಿ ಎಳೆಯಿತು. ಬೇರಿನ ಬದಲು ಕಬ್ಬಿಣದ ಕೊಳವೆ ಬಂತು. ಅದನ್ನು ಬಿಲ್ಲು ಮೇಲಕ್ಕೆ ಕಳಿಸಬೇಕಿದ್ದ ಸರ್ಕಾರಿ ಎಂಜಿನಿಯರರ ಮೇಜಿನ ಮುಂದೆ ಬಿಸಾಡಿ, ಆನೆ ತನ್ನ ಹಿಂಡಿನೊಂದಿಗೆ ಬೆಟ್ಟ ಹತ್ತಿತು.

"ಒಪ್ಪಕಿಲ್ಲ ಅಂತದೆ ಬುದ್ದಿ," ಎಂದ ಜಡೆಯ. ಹುಟ್ಟಿ ಬೆಳೆದ ಕಾಡು ಉರಿದಾಗ ಅತ್ತಿದ್ದವನಿಗೆ ಅಂದೇ ಮೊದಲು ನಗು ಬಂದದ್ದು.

ಎಂಜಿನಿಯರ್ ನಿಯಮಾವಳಿ ತಿರುವಿದರು. "ತುರ್ತಿದ್ದರೆ ಪ್ರಭಾರ ಆನೆಯನ್ನ ನೇಮಿಸ್ಬಹುದು. ಇವತ್ತಿಂದ ನೀನೇ ಆನೆ ಕಣಯ್ಯ. ಮೂಗು ಒತ್ತು."

ಜಡೆಯ ಮುದ್ರೆಯ ಶಾಯಿಯನ್ನು ಪಕ್ಕಕ್ಕೆ ಸರಿಸಿದ. "ಹಂಗಾರೆ ಆನೆಗೆ ನೀವು ಹುಕುಂ ಮಾಡಂಗಿಲ್ವಲ್ಲ ಬುದ್ದಿ?" ಎಂದವನೇ ಖಾಕಿ ಅಂಗಿ ಕಳಚಿ ಮೇಜಿನ ಮೇಲಿಟ್ಟು, ಹಿಂಡು ಹೋದ ದಾರಿ ಹಿಡಿದು ನಡೆದೇಬಿಟ್ಟ.

"ಇನ್ನು ಉಳಿದಿರೋದು ನೀವೇ ಸಾರ್," ಎಂದ ಫಾಲಾಕ್ಷ.

ಎಂಜಿನಿಯರ್ ಅತ್ತಿತ್ತ ನೋಡಿ, ಕನ್ನಡಕ ತೆಗೆದು, ಶಾಯಿಗೆ ಮೂಗು ಅದ್ದಿದರು. ಮುದ್ರೆ ಇಷ್ಟು ಚಿಕ್ಕದೇಕೆಂದು ಮೇಲಿನವರು ಕೇಳಿದಾಗ, "ಮರಿಯಾನೆ" ಎಂದು ಷರಾ ಬರೆದರು. ಬಿಲ್ಲು ಪಾಸಾಯಿತು.